ಕಾಗದ ಇಲ್ಲದವರಿಗೆ ಅಂತ ತಂದ ಟ್ಯಾಕ್ಸು, ಬಿದ್ದಿದ್ದು ಕ್ಯಾಶ್ ಮೇಲೆ

2026 ಜನವರಿ 1ರಿಂದ ಅಮೆರಿಕದಲ್ಲಿ ಅಂಗಡಿ ಕೌಂಟರಿಗೆ ಹೋಗಿ ನೋಟು ಎಣಿಸಿಕೊಟ್ಟು ಹೊರದೇಶಕ್ಕೆ ದುಡ್ಡು ಕಳಿಸಿದ್ರೆ ಅದರ ಮೇಲೆ 1% ಟ್ಯಾಕ್ಸ್ ಬೀಳುತ್ತೆ. ಊರಿಗೆ ಫೋನ್ ಮಾಡಿದಾಗೆಲ್ಲ ಯಾರಾದ್ರೂ ಒಬ್ರು, ಅದು ಇಲ್ಲೀಗಲ್ ಆಗಿ ಇರೋರ ಮೇಲೆ ಟ್ರಂಪ್ ಹಾಕಿದ ಟ್ಯಾಕ್ಸ್ ಅಲ್ವಾ ಅಂತ ಕೇಳ್ತಾರೆ, ಇಲ್ಲೇ ಇರೋ ನಮ್ಮೋರಲ್ಲೂ ಎಷ್ಟೋ ಜನ ಹಾಗೇ ಅಂದ್ಕೊಂಡಿದಾರೆ. ಅಲ್ಲಾರೀ. ಪಾಸಾದ ಕಾನೂನಿಗೆ ನಿಮ್ಮ ವೀಸಾ ಬೇಡ, ಪಾಸ್‌ಪೋರ್ಟ್ ಬೇಡ, ಸಿಟಿಜನ್ನಾ ಅಲ್ವಾ ಅನ್ನೋದೂ ಬೇಡ. ನೀವು ಕೊಟ್ಟಿದ್ದು ಕ್ಯಾಶಾ, ಮನಿ ಆರ್ಡರಾ, ಬ್ಯಾಂಕ್ ಬರೆದುಕೊಡೋ ಕ್ಯಾಶಿಯರ್ಸ್ ಚೆಕ್ಕಾ, ಅದಷ್ಟೇ ಲೆಕ್ಕ. ಇಲ್ಲಿನ ಬ್ಯಾಂಕ್ ಅಕೌಂಟಿಂದ ಹೋಯ್ತೋ, ಇಲ್ಲಿ ಕೊಟ್ಟ ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡಿಂದ ಹೋಯ್ತೋ, ಟ್ಯಾಕ್ಸ್ ಸೊನ್ನೆ.

ಅಂದ್ರೆ ಏನಾಯ್ತು ನೋಡಿ. ಇಪ್ಪತ್ತು ವರ್ಷದಿಂದ ಕಾಗದಪತ್ರ ಇಲ್ದೇ ಇಲ್ಲಿದ್ದು, ಟ್ಯಾಕ್ಸ್ ಕಟ್ಟೋಕೆ ಅಂತ ಐಟಿನ್ ನಂಬರ್ ಮಾಡಿಸ್ಕೊಂಡು, ಅದರ ಮೇಲೆ ಒಂದು ಬ್ಯಾಂಕ್ ಅಕೌಂಟೂ ತೆಗೆದಿರೋ ಪೇಂಟರ್ ಒಬ್ಬ ಒಂದು ಸೆಂಟೂ ಕೊಡಬೇಕಾಗಿಲ್ಲ. ಇಲ್ಲೇ ಹುಟ್ಟಿದ, ಬ್ಯಾಂಕಂದ್ರೆ ನಂಬಿಕೆ ಇಲ್ಲದ ಅಜ್ಜಿ ಫಿಲಿಪೀನ್ಸಲ್ಲಿರೋ ತಂಗಿಗೆ ನೂರು ಡಾಲರ್ ಕಳಿಸಿದ್ರೆ ಒಂದು ಡಾಲರ್ ಕೊಡ್ಬೇಕು. ಇದನ್ನ ಇಲ್ಲೀಗಲ್ ಇಮಿಗ್ರೇಶನ್ ತಡೆಯೋ ಕ್ರಮ ಅಂತ ಭಾಷಣದಲ್ಲಿ ಹೇಳ್ಕೊಳ್ಳಬಹುದು, ಅಷ್ಟೇ.

ನಾನು ಡಲಾಸ್ ಕಡೆ ಬರೋಕೆ ಮುಂಚೆ ದುಬೈಯಲ್ಲಿ ಬಹಳ ವರ್ಷ ಇದ್ದೋನು. ಎರಡೂ ಕಡೆ ಕಾಗದ ಇಲ್ಲದ ಜನ ಇದಾರೆ, ಎರಡೂ ಕಡೆ ಅವರು ದುಡ್ಡು ಕಳಿಸ್ತಾರೆ, ಆದ್ರೆ ಎರಡು ಸರ್ಕಾರಗಳು ಅದನ್ನ ನೋಡೋ ರೀತಿ ಪೂರ್ತಿ ಬೇರೆ. ಅದಕ್ಕೇ ಬರೀಬೇಕು ಅನಿಸ್ತು. ಈ ವಿಷಯ ಬಂದ ತಕ್ಷಣ ನಮ್ಮೋರಲ್ಲಿ ಎರಡೇ ಪಕ್ಷ ಹುಟ್ಕೊಳುತ್ತೆ, ಒಂದು ಪಾಪ ಬಡವರು ಅನ್ನೋದು, ಇನ್ನೊಂದು ಕಳ್ಳದಾರೀಲಿ ಬಂದೋರಿಗೆ ಹಾಗೇ ಆಗ್ಬೇಕು ಅನ್ನೋದು. ದುಡ್ಡು ನಿಜವಾಗಿ ಯಾವ ದಾರೀಲಿ ಹೋಗುತ್ತೆ ಅಂತ ಇಬ್ರೂ ನೋಡಲ್ಲ.

ಮೊದಲು ಇದು ಹೇಗೆ ಬಂತು ಅಂತ ಸ್ವಲ್ಪ. ಐಡಿಯಾ ಹೊಸದೇನಲ್ಲ. 2015ರಲ್ಲೇ ಲೂಸಿಯಾನಾದ ಸೆನೆಟರ್ ಡೇವಿಡ್ ವಿಟ್ಟರ್, ಕಾನೂನುಬದ್ಧವಾಗಿ ಇದೀನಿ ಅಂತ ದಾಖಲೆ ತೋರಿಸಲಾರದೋರು ದುಡ್ಡು ಕಳಿಸಿದ್ರೆ 7% ದಂಡ ಹಾಕ್ಬೇಕು ಅಂತ ಬಿಲ್ ತಂದಿದ್ರು. 2016ರ ಚುನಾವಣೆ ಟೈಮಲ್ಲಿ ಟ್ರಂಪ್, ಗಡಿ ಗೋಡೆ ಕಟ್ಟೋಕೆ ಮೆಕ್ಸಿಕೋ ದುಡ್ಡು ಕೊಡದಿದ್ರೆ ಅಲ್ಲಿಗೆ ಹೋಗೋ ರೆಮಿಟೆನ್ಸನ್ನೇ, ಅಂದ್ರೆ ವಲಸಿಗರು ಮನೆಗೆ ಕಳಿಸೋ ದುಡ್ಡನ್ನೇ ತಡೀತೀನಿ, ಒಂದೇ ಸಲ 5ರಿಂದ 10 ಬಿಲಿಯನ್ ಡಾಲರ್ ಕೊಟ್ಟುಬಿಡ್ಲಿ ಅಂದಿದ್ರು. 2023ರಲ್ಲಿ ಜೆ. ಡಿ. ವ್ಯಾನ್ಸ್, ಆಗಿನ್ನೂ ಸೆನೆಟರ್, 10% ಶುಲ್ಕದ ಬಿಲ್ ತಂದ್ರು. ಇದ್ಯಾವುದೂ ಮುಂದೆ ಹೋಗ್ಲಿಲ್ಲ. 2025ರ ಮೇ ತಿಂಗಳಲ್ಲಿ ಆ ದೊಡ್ಡ ಬಜೆಟ್ ಬಿಲ್ಲೊಳಗೆ ಇದನ್ನ ತೂರಿಸಿದ್ರು, ಮೊದಲ ಕರಡಲ್ಲಿ 5%, ಕೆಳಮನೆ ಹೌಸಲ್ಲಿ ಪಾಸಾಗೋ ಹೊತ್ತಿಗೆ 3.5%, ಸಿಟಿಜನ್ ಅಲ್ಲದ ಎಲ್ಲರಿಗೂ. ಎಲ್ಲರಿಗೂ ಅಂದ್ರೆ ಕೆಲಸದ ಎಚ್-1ಬಿ ವೀಸಾ, ಸ್ಟೂಡೆಂಟ್ ವೀಸಾ, ಗ್ರೀನ್ ಕಾರ್ಡ್, ಯಾರನ್ನೂ ಬಿಟ್ಟಿರ್ಲಿಲ್ಲ.

ಆ ಮೇ ತಿಂಗಳು ನಮ್ಮ ವಾಟ್ಸಪ್ ಗ್ರೂಪುಗಳು ಹೇಗಿದ್ವು ಅಂತ ಇಲ್ಲಿರೋರಿಗೆ ಗೊತ್ತು. ಮೈಸೂರಲ್ಲಿ ಫ್ಲಾಟ್ ಬುಕ್ ಮಾಡಿದೋರು, ಅಪ್ಪ ಅಮ್ಮಂಗೆ ತಿಂಗಳಿಗೆ ಕಳಿಸೋರು, ಊರಿನ ಬ್ಯಾಂಕಲ್ಲಿ ಎನ್ನಾರ್ಇ ಎಫ್‌ಡಿ ಇಟ್ಟೋರು, ಎಲ್ಲಾ ಕ್ಯಾಲ್ಕುಲೇಟರ್ ಹಿಡ್ಕೊಂಡು ಕೂತಿದ್ರು. ತಿಂಗಳಿಗೆ 2000 ಡಾಲರ್ ಕಳಿಸೋನಿಗೆ 70 ಡಾಲರ್ ಕೈ ಬಿಡ್ತಿತ್ತು, ಸಣ್ಣ ಮೊತ್ತ ಅಲ್ಲ. ಜನವರಿಯೊಳಗೆ ಇದ್ದಬದ್ದಿದ್ದೆಲ್ಲ ಕಳಿಸಿಬಿಡೋಣ ಅಂತ ಪ್ಲಾನ್ ಆಗ್ತಿತ್ತು. ನ್ಯಾಯ, ಡಬಲ್ ಟ್ಯಾಕ್ಸೇಶನ್, ವಲಸಿಗರ ಕೊಡುಗೆ ಅಂತೆಲ್ಲ ದೊಡ್ಡ ದೊಡ್ಡ ಮೆಸೇಜು. ಜುಲೈ 4ಕ್ಕೆ ಸಹಿ ಆದಾಗ ನೋಡಿದ್ರೆ ಮೇಲ್ಮನೆ ಸೆನೆಟ್ ಅದನ್ನ 1%ಗೆ ಇಳಿಸಿ, ಬ್ಯಾಂಕ್ ಅಕೌಂಟ್ ಮತ್ತೆ ಕಾರ್ಡ್ ಎರಡನ್ನೂ ಬಿಟ್ಟು, ಸಿಟಿಜನ್‌ಶಿಪ್ ವಿಷಯವನ್ನೇ ತೆಗೆದುಹಾಕಿತ್ತು. ನಮ್ಮೋರು ಎಲ್ಲಾ ಫೋನ್ ಆ್ಯಪ್‌ನಲ್ಲಿ, ಬ್ಯಾಂಕ್ ಅಕೌಂಟಿಂದ್ಲೇ ಕಳಿಸೋದು, ಸೊ ನಮಗೇನೂ ಇಲ್ಲ. ಮಾರನೇ ದಿನದಿಂದ ಗ್ರೂಪಲ್ಲಿ ಮತ್ತೆ ಮಾವಿನಹಣ್ಣಿನ ಬಾಕ್ಸ್ ಆರ್ಡರ್ರು. ನ್ಯಾಯದ ಮಾತು ಆಡ್ತಿದ್ದೋರೆಲ್ಲ ಎಲ್ಲಿಗೆ ಹೋದ್ರೋ. ಈಗ ಕೇಳಿದ್ರೆ ಅದೇ ಬಾಯಲ್ಲಿ, ಅದು ಇಲ್ಲೀಗಲ್ಸ್‌ಗೆ ಬಿಡಿ, ಅಂತಾರೆ.

ಹೋಗ್ಲಿ. ಯಾರಿಗೆ ಬಿತ್ತು ಅಂತ ನೋಡೋಣ.

ನಮ್ಮ ಮನೆ ಹತ್ರ ಒಂದು ಮೆಕ್ಸಿಕನ್ ದಿನಸಿ ಅಂಗಡಿ ಇದೆ, ಹಸಿಮೆಣಸಿನಕಾಯಿ, ಸೀಬೆಹಣ್ಣು, ಒಳ್ಳೇ ಪಪ್ಪಾಯ ಅಲ್ಲೇ ಸಿಗೋದ್ರಿಂದ ನಾವು ಆಗಾಗ ಹೋಗ್ತೀವಿ. ಒಳಗೆ ಹೋದ ಕೂಡ್ಲೆ ಎಡಗಡೆ ದುಡ್ಡು ಕಳಿಸೋ ಕೌಂಟರ್, ಗಾಜಿನ ಹಿಂದೆ ಒಬ್ಬ ಹುಡುಗಿ. ಶುಕ್ರವಾರ ಸಂಜೆ ಅಲ್ಲಿ ಸಾಲು ನಿಂತಿರುತ್ತೆ. ಬೂಟಿಗೆಲ್ಲ ಸಿಮೆಂಟು, ಪ್ಯಾಂಟಿಗೆ ಬಿಳೀ ಪೇಂಟು, ಒಬ್ಬೊಬ್ಬರ ಕೈಲೂ ಮಡಚಿದ ಇಪ್ಪತ್ತರ ನೋಟುಗಳು. ಹುಡುಗಿ ಫೋನ್ ನಂಬರ್ ಕೇಳ್ತಾಳೆ, ಕಂಪ್ಯೂಟರಲ್ಲಿ ಹಳೇ ಹೆಸರುಗಳು ಬರ್ತವೆ, ಹೆಂಡ್ತಿಗಾ ತಾಯಿಗಾ ಅಂತ ಕೇಳ್ತಾಳೆ, ಮೊತ್ತ ಜಾಸ್ತಿ ಇದ್ರೆ ಐಡಿ ಕೇಳ್ತಾಳೆ, ಆಗ ಕೆಲವರು ಮೆಕ್ಸಿಕೋ ಕಾನ್ಸುಲೇಟ್ ಕೊಡೋ ಮಟ್ರಿಕುಲಾ ಕಾರ್ಡ್ ತೆಗೀತಾರೆ. ಆಮೇಲೆ ಒಂದು ಉದ್ದದ ರಸೀತಿ ಬರುತ್ತೆ, ಕೊಟ್ಟಿದ್ದೆಷ್ಟು, ಫೀಸ್ ಎಷ್ಟು, ಟ್ಯಾಕ್ಸ್ ಎಷ್ಟು, ಎಕ್ಸ್‌ಚೇಂಜ್ ರೇಟ್ ಎಷ್ಟು, ಆ ಕಡೆ ಕೈಗೆ ಸಿಗೋದೆಷ್ಟು ಪೆಸೊ, ಎಲ್ಲಾ ಬರ್ದಿರುತ್ತೆ. ಈ ರಸೀತಿ ಸುಮ್ನೆ ಬಂದಿದ್ದಲ್ಲ. 2008ರ ಕುಸಿತ ಆದ್ಮೇಲೆ ಬಂದ ಡಾಡ್-ಫ್ರಾಂಕ್ ಕಾನೂನಿನ ಫಲ, 2013ರ ಅಕ್ಟೋಬರಿಂದ ಜಾರಿಗೆ ಬಂತು. ದುಡ್ಡು ಕೊಟ್ಟು ಅರ್ಧ ಗಂಟೆಯೊಳಗೆ ಮನಸ್ಸು ಬದಲಾದ್ರೆ ಕ್ಯಾನ್ಸಲ್ ಮಾಡಿ ಪೂರ್ತಿ ವಾಪಸ್ ತಗೋಬಹುದು, ಆ ಕಡೆ ಇನ್ನೂ ಯಾರೂ ಎತ್ಕೊಂಡಿಲ್ಲ ಅಂದ್ರೆ. ಅದಕ್ಕೆ ಮುಂಚೆ ಫೀಸ್ ಕಮ್ಮಿ ತೋರ್ಸಿ ರೇಟಲ್ಲಿ ಕತ್ತರಿ ಹಾಕೋದು ದೊಡ್ಡ ದಂಧೆ ಆಗಿತ್ತು. ನನ್ನ ಪ್ರಕಾರ ಈ ವಿಷಯದಲ್ಲಿ ಅಮೆರಿಕ ಮಾಡಿದ ಒಂದೇ ಒಂದು ಒಳ್ಳೇ ಕೆಲಸ ಅಂದ್ರೆ ಈ ರಸೀತಿ. ಕಳಿಸೋನ ಜಾತಕ ಕೇಳ್ದೇನೆ, ಕಳಿಸೋ ಕಂಪನಿ ಬಾಲ ಹಿಡಿದ ರೂಲ್ ಅದು.

ಈಗ ಆ ಟ್ಯಾಕ್ಸ್ ಸಾಲಿಗೆ 1% ಸೇರಿದೆ. 300 ಡಾಲರಿಗೆ 3 ಡಾಲರ್. ನಮಗೆ ಕಾಫಿ ದುಡ್ಡು, ಹೌದು. ಆದ್ರೆ ಟೆಕ್ಸಾಸ್ ಗಡಿ ದಾಟಿ ರೆಡ್ ರಿವರ್ ಆ ಕಡೆ ಒಕ್ಲಹೋಮಕ್ಕೆ ಹೋದ್ರೆ ಅಲ್ಲಿ 2009ರಿಂದಲೇ ರಾಜ್ಯದ್ದೇ ಒಂದು ಶುಲ್ಕ ಇದೆ, 500 ಡಾಲರ್ ತನಕ 5 ಡಾಲರ್, ಅದರ ಮೇಲಿನದಕ್ಕೆ 1%. ಅಲ್ಲಿ ಈಗ 300 ಡಾಲರ್ ಕ್ಯಾಶ್ ಕಳಿಸೋನು ಕಂಪನಿ ಫೀಸ್ ಬಿಟ್ಟು ಬರೀ ಸರ್ಕಾರಗಳಿಗೇ 8 ಡಾಲರ್ ಕೊಡ್ತಾನೆ. ಒಕ್ಲಹೋಮದ ಪ್ಲಾನು ಕಾಗದದ ಮೇಲೆ ಬಹಳ ಜಾಣತನದ್ದು, ಡ್ರಗ್ ದುಡ್ಡು ತಡೆಯೋಕೆ ಅಂತ ಹೆಸರು, ಪ್ರಾಮಾಣಿಕವಾಗಿ ಇನ್‌ಕಂ ಟ್ಯಾಕ್ಸ್ ಕಟ್ಟೋರು ವರ್ಷದ ಕೊನೇಲಿ ಆ ಶುಲ್ಕನ ಪೂರ್ತಿ ವಾಪಸ್ ಕ್ಲೈಮ್ ಮಾಡ್ಬಹುದು. ಎಷ್ಟು ಜನ ಮಾಡ್ತಾರೆ? ತೀರಾ ಕಮ್ಮಿ. ರಸೀತಿ ಎತ್ತಿಟ್ಕೊಂಡು ವರ್ಷದ ಕೊನೇಲಿ ಐದೈದು ಡಾಲರ್ ಕೂಡಿಸಿ ಫಾರ್ಮ್ ತುಂಬೋ ಪುರಸೊತ್ತು ಯಾರಿಗಿದೆ, ಸಿಟಿಜನ್ನುಗಳೇ ಮಾಡಲ್ಲ. ಡ್ರಗ್ ಮಾರೋನು 5 ಡಾಲರಿಗೆ ಹೆದರಿ ವ್ಯಾಪಾರ ಬಿಟ್ಟ ಅನ್ನೋದನ್ನ ಯಾರೂ ಕೇಳಿಲ್ಲ.

ಈಗ ದುಬೈ ಕಡೆ ಬನ್ನಿ.

ಅಲ್ಲಿ ದುಡ್ಡು ಕಳಿಸೋದು ಒಂದು ಹಬ್ಬ ಇದ್ದ ಹಾಗೆ. ತಿಂಗಳ ಮೊದಲ ವಾರ ದುಬೈಯ ಡೇರಾದಲ್ಲಿ, ಸತ್ವಾದಲ್ಲಿ ದುಡ್ಡು ಬದಲಿಸಿ ಊರಿಗೆ ಕಳಿಸೋ ಎಕ್ಸ್‌ಚೇಂಜ್ ಹೌಸ್ ಒಳಗೆ ಕಾಲಿಡೋಕೆ ಜಾಗ ಇರ್ತಿರ್ಲಿಲ್ಲ. ರೂಪಾಯಿ ಬಿದ್ದ ದಿನ ಅಂತೂ ಸಾಲು ರೋಡಿಗೇ ಬರ್ತಿತ್ತು, ರುಪಾಯಿ ಬಿದ್ರೆ ಬೇಜಾರಾಗೋ ಬದಲು ಖುಷಿಪಡೋ ದೇಶಪ್ರೇಮಿಗಳು ನಾವು! ಅಲ್ಲಿ ರೆಮಿಟೆನ್ಸ್ ಮೇಲೆ ಟ್ಯಾಕ್ಸ್ ಇಲ್ಲ. 2018ರಲ್ಲಿ ವ್ಯಾಟ್ ಬಂದ್ಮೇಲೆ ಫೀಸ್ ಮೇಲೆ 5% ಇದೆ, ಕಳಿಸೋ ಮೊತ್ತದ ಮೇಲಲ್ಲ. ಗಲ್ಫ್ ದೇಶಗಳಲ್ಲಿ ಈ ಟ್ಯಾಕ್ಸ್ ಮಾತು ಬರ್ತಾನೇ ಇರುತ್ತೆ, ಎಣ್ಣೆ ರೇಟ್ ಇಳಿದಾಗೆಲ್ಲ ಯಾರಾದ್ರೂ ಎಂಪಿ ಎದ್ದು ನಿಲ್ತಾರೆ. ಬಹ್ರೈನಲ್ಲಿ 2024ರಲ್ಲಿ ಚುನಾಯಿತ ಸಭೆ 2% ಹಾಕ್ಬೇಕು ಅಂತ ಮತನೂ ಹಾಕ್ತು, ಮೇಲ್ಮನೆ ಶೂರಾ ಕೌನ್ಸಿಲ್ ಆಗಲ್ಲ ಅಂತು. ಕುವೈತಲ್ಲೂ 2018ರ ಹೊತ್ತಿಗೆ ಇದೇ ನಾಟಕ ನಡೆದು ನಿಂತುಹೋಯ್ತು. ಯಾಕೆ ಹಾಕಲ್ಲ? ವಲಸಿಗರ ಮೇಲೆ ಪ್ರೀತಿ ಉಕ್ಕಿ ಅಲ್ಲ. ಅವರಿಗೆ ಚೆನ್ನಾಗಿ ಗೊತ್ತು, ಟ್ಯಾಕ್ಸ್ ಹಾಕಿದ ಮಾರನೇ ದಿನ ಅರ್ಧ ದುಡ್ಡು ಹುಂಡಿಗೆ ಹೋಗುತ್ತೆ.

ಹುಂಡಿ ಅಂದ್ರೆ ಘಟ್ಟದ ಮೇಲಿನೋರಿಗೆ ದೇವಸ್ಥಾನದ್ದು ನೆನಪಾಗ್ಬಹುದು, ನಮ್ಮ ಕರಾವಳಿ ಕಡೆ, ಭಟ್ಕಳದಿಂದ ಮಂಗಳೂರು ಕಾಸರಗೋಡು ತನಕ ಯಾರಿಗೂ ಬಿಡಿಸಿ ಹೇಳ್ಬೇಕಾಗಿಲ್ಲ. ಡೇರಾದಲ್ಲೊಬ್ಬನ ಕೈಗೆ ದಿರ್ಹಮ್ ಕೊಡೋದು, ಅವನು ಒಂದು ಫೋನ್ ಮಾಡ್ತಾನೆ, ಸಂಜೆ ಹೊತ್ತಿಗೆ ಊರಲ್ಲಿ ಬೈಕಲ್ಲಿ ಒಬ್ಬ ಬಂದು ಮನೆಯವರ ಕೈಗೆ ರೂಪಾಯಿ ಕೊಟ್ಟು ಹೋಗ್ತಾನೆ. ಐಡಿ ಬೇಡ, ಫಾರ್ಮ್ ಬೇಡ, ರೇಟು ಎಕ್ಸ್‌ಚೇಂಜಿಗಿಂತ ಹತ್ತಿಪ್ಪತ್ತು ಪೈಸೆ ಮೇಲೇನೇ. ದುಡ್ಡು ದೇಶ ದಾಟೋದೇ ಇಲ್ಲ, ಆ ಕಡೆ ಯಾರೋ ಚಿನ್ನಕ್ಕೋ ಇನ್ಯಾವ್ದಕ್ಕೋ ದಿರ್ಹಮ್ ಬೇಕಾದೋನು ಇರ್ತಾನೆ, ಈ ಕಡೆ ರೂಪಾಯಿ ಬಿಡ್ತಾನೆ, ಲೆಕ್ಕ ಸರಿ. ನಮ್ಮ ದೇಶದಲ್ಲಿ ಫೆಮಾ ಅನ್ನೋ ವಿದೇಶಿ ವಿನಿಮಯ ಕಾನೂನಿನ ಪ್ರಕಾರ ಇದು ಕಾನೂನುಬಾಹಿರ, ಸಿಕ್ಕಿಬಿದ್ರೆ ಮೊತ್ತದ ಮೂರುಪಟ್ಟು ತನಕ ದಂಡ ಹಾಕ್ಬಹುದು. ಆದ್ರೂ ನಡೀತಿತ್ತು, ನಡೀತಾನೂ ಇದೆ.

ಇದಕ್ಕೆ ಖಾಯಂ ಗಿರಾಕಿ ಯಾರು ಗೊತ್ತಾ, ಖಲ್ಲಿವಲ್ಲಿಗಳು. ಗಲ್ಫಲ್ಲಿ ಇದ್ದೋರಿಗೆ ಗೊತ್ತು, ಕಂಪನಿ ಬಿಟ್ಟು ಓಡಿಹೋಗಿ ವೀಸಾ ಇಲ್ದೆ ಅಲ್ಲಿ ಇಲ್ಲಿ ಕೆಲಸ ಮಾಡೋರಿಗೆ ಹಾಗಂತಾರೆ. ಸಂಬಳ ಕೊಡದ ಕಂಪನಿ, ಕಿತ್ತಿಟ್ಕೊಂಡ ಪಾಸ್‌ಪೋರ್ಟ್, ಇಲ್ಲಾ ಹೊರಗಡೆ ಎರಡು ಕಾಸು ಜಾಸ್ತಿ ಸಿಗುತ್ತೆ ಅನ್ನೋ ಆಸೆ, ಒಬ್ಬೊಬ್ಬರದು ಒಂದೊಂದು ಕಥೆ. ಎಮಿರೇಟ್ಸ್ ಐಡಿ ಅನ್ನೋ ಅಲ್ಲಿನ ಗುರುತಿನ ಕಾರ್ಡ್ ಎಕ್ಸ್‌ಪೈರ್ ಆದ ದಿನದಿಂದ ಎಕ್ಸ್‌ಚೇಂಜ್ ಬಾಗಿಲು ಅವರಿಗೆ ಬಂದ್. ದಿನಕ್ಕೆ 50 ದಿರ್ಹಮ್ ಓವರ್‌ಸ್ಟೇ ದಂಡ ಬೇರೆ ಏರ್ತಾ ಹೋಗುತ್ತೆ. ಅಂದ್ರೆ ಅಲ್ಲಿ ಕಾಗದ ಇಲ್ಲದೋನು ದುಡ್ಡು ಕಳಿಸೋದನ್ನ ಅಮೆರಿಕಕ್ಕಿಂತ ಎಷ್ಟೋ ಬಿಗಿಯಾಗಿ ತಡೆದಿದಾರೆ, ಟ್ಯಾಕ್ಸಲ್ಲ, ಕೌಂಟರೇ ಇಲ್ಲ. ಹಾಗಂತ ಅವನು ಊರಿಗೆ ದುಡ್ಡು ಕಳಿಸೋದು ನಿಲ್ಸಿದ್ನಾ? ರೂಮ್‌ಮೇಟ್ ಐಡಿಲಿ ಕಳಿಸ್ತಾನೆ, ಇಲ್ಲಾಂದ್ರೆ ಹುಂಡಿ. ರೂಮ್‌ಮೇಟ್ ಹೆಸರಲ್ಲಿ ಮೂರು ಜನರ ದುಡ್ಡು ಹೋಗಿ, ನಿನ್ನ ಸಂಬಳ 1200, ನೀನು 4000 ಹೆಂಗೆ ಕಳಿಸ್ತೀಯ ಅಂತ ಎಕ್ಸ್‌ಚೇಂಜಿನೋರು ಕೇಳಿ, ಆ ಪಾಪದೋನ ಅಕೌಂಟು ಬ್ಲಾಕ್ ಆಗಿದ್ದನ್ನ ನಾನೇ ನೋಡಿದೀನಿ. ಬಿಗಿ ಮಾಡಿದಷ್ಟೂ ದುಡ್ಡು ಕತ್ತಲಿಗೆ ಸರೀತು, ಯಾರು ಎಷ್ಟು ಯಾರಿಗೆ ಕಳಿಸಿದ್ರು ಅನ್ನೋದು ಸರ್ಕಾರಕ್ಕೇ ಕಾಣದ ಹಾಗಾಯ್ತು.

ಆದ್ರೆ ಯುಎಇಯೋರು ಎರಡು ಕೆಲಸ ಸರಿಯಾಗಿ ಮಾಡಿದಾರೆ, ಅದನ್ನ ಹೇಳ್ದೇ ಇದ್ರೆ ತಪ್ಪಾಗುತ್ತೆ. ಒಂದು, 2009ರಿಂದ ಸಂಬಳವನ್ನ ಡಬ್ಲ್ಯುಪಿಎಸ್ ಅನ್ನೋ ವ್ಯವಸ್ಥೆ ಮೂಲಕ ಬ್ಯಾಂಕೋ ಎಕ್ಸ್‌ಚೇಂಜೋ ದಾಟಿಸ್ಲೇಬೇಕು ಅಂತ ಮಾಡಿದ್ರು, ಹಾಗಾಗಿ ಕೂಲಿ ಮಾಡೋನ ಕೈಲೂ ಒಂದು ಕಾರ್ಡ್ ಇರುತ್ತೆ, ಅವನು ದುಡಿದಿದ್ದು ಇಷ್ಟು ಅಂತ ದಾಖಲೆ ಇರುತ್ತೆ. ಎರಡು, ಹುಂಡಿಯವರನ್ನ ಬರೀ ಓಡಿಸೋ ಬದಲು, ಸೆಂಟ್ರಲ್ ಬ್ಯಾಂಕಲ್ಲಿ ರಿಜಿಸ್ಟರ್ ಮಾಡ್ಕೊಳ್ಳಿ, ಲೆಕ್ಕ ಇಡಿ, ಆಮೇಲೆ ನಡೆಸಿ ಅಂತ 2019ರಲ್ಲಿ ರೂಲ್ ತಂದ್ರು. ಎಷ್ಟು ಜನ ರಿಜಿಸ್ಟರ್ ಆದ್ರು ಅನ್ನೋದು ಬೇರೆ, ಯೋಚನೆ ಸರಿ ಇದೆ. ಜೊತೆಗೆ ಆಗಾಗ ಆಮ್ನೆಸ್ಟಿ, ಕಡೇ ಸಲ 2024ರ ಸೆಪ್ಟೆಂಬರ್ ಇಂದ ಡಿಸೆಂಬರ್ ತನಕ, ದಂಡ ಮನ್ನಾ, ಒಂದೋ ಪೇಪರ್ ಸರಿಮಾಡ್ಕೊ ಇಲ್ಲಾ ಊರಿಗೆ ಹೋಗು. ಅಮೆರಿಕದಲ್ಲಿ ಇಂಥದ್ದು ದೊಡ್ಡ ಮಟ್ಟದಲ್ಲಿ ಕಡೇ ಸಲ ಆಗಿದ್ದು 1986ರಲ್ಲಿ, ರೇಗನ್ ಕಾಲದಲ್ಲಿ.

ಕಂಟ್ರೋಲ್ ಬೇಡ್ವೇ ಬೇಡ ಅಂತ ನಾನು ಹೇಳ್ತಿಲ್ಲ. ಮೆಕ್ಸಿಕೋದ ಡ್ರಗ್ ಗ್ಯಾಂಗುಗಳು, ಅಂದ್ರೆ ಕಾರ್ಟೆಲ್‌ಗಳು, ಫೆಂಟನಿಲ್ ಡ್ರಗ್ ಮಾರಿದ ದುಡ್ಡನ್ನ ಸಣ್ಣ ಸಣ್ಣ ತುಂಡು ಮಾಡಿ ಇದೇ ಕೌಂಟರುಗಳಿಂದ ಕಳಿಸೋದು ನಿಜ, ಕೋರ್ಟ್ ಕೇಸುಗಳಲ್ಲಿ ಬಂದಿದೆ. ಅದಕ್ಕೆ ಅಂತ ಇಲ್ಲಿ ಮೊದಲಿಂದ ರೂಲ್ ಇದೆ, 3000 ಡಾಲರ್ ದಾಟಿದ್ರೆ ಐಡಿ ನೋಡಿ ದಾಖಲೆ ಇಡ್ಬೇಕು, ಕಂಪನಿಗಳು ತಮ್ಮ ಸೇಫ್ಟಿಗೆ ಇನ್ನೂ ಕೆಳಗೇ ಕೇಳ್ತವೆ, 10,000 ಡಾಲರ್ ದಾಟಿದ ಕ್ಯಾಶ್ ವ್ಯವಹಾರಕ್ಕೆ ಸರ್ಕಾರಕ್ಕೆ ರಿಪೋರ್ಟ್ ಹೋಗ್ಬೇಕು. 2025ರ ಮಾರ್ಚಲ್ಲಿ ಏನ್ ಮಾಡಿದ್ರು ಅಂದ್ರೆ, ಕ್ಯಾಲಿಫೋರ್ನಿಯಾ ಟೆಕ್ಸಾಸ್ ಗಡಿ ಹತ್ರದ 30 ಝಿಪ್ ಕೋಡ್‌ಗಳಲ್ಲಿ, ನಮ್ಮ ಪಿನ್‌ಕೋಡ್ ಥರದ ಏರಿಯಾಗಳಲ್ಲಿ, ಆ 10,000ವನ್ನ 200 ಡಾಲರಿಗೆ ಇಳಿಸಿದ್ರು. 200! ಎಲ್ ಪಾಸೋದಲ್ಲಿ ಬಾಡಿಗೆ ಕಟ್ಟೋಕೆ ಮನಿ ಆರ್ಡರ್ ತಗೊಳ್ಳೋ ಮುದುಕಮ್ಮಂದೂ ರಿಪೋರ್ಟ್, ಸೋಶಿಯಲ್ ಸೆಕ್ಯೂರಿಟಿ ನಂಬರ್ ಸಮೇತ. ಸಣ್ಣ ಅಂಗಡಿಯೋರು ದಿನಾ ನೂರಾರು ಫಾರ್ಮ್ ತುಂಬೋಕಾಗಲ್ಲ ಅಂತ ಕೋರ್ಟಿಗೆ ಹೋದ್ರು, ಕೋರ್ಟಲ್ಲಿ ಕೆಲವರಿಗೆ ತಡೆನೂ ಸಿಕ್ತು, ಸೆಪ್ಟೆಂಬರಲ್ಲಿ ಆರ್ಡರ್ ಹೊಸದು ಮಾಡುವಾಗ ಮಿತೀನ 1000ಕ್ಕೆ ಏರಿಸಿದ್ರು. ಪೊಲೀಸ್ ಕೆಲಸನ ದಿನಸಿ ಅಂಗಡಿ ಹುಡುಗಿ ಕೈಲಿ ಮಾಡ್ಸೋಕೆ ಹೋದ್ರೆ ಆಗೋದು ಇಷ್ಟೇ, ಕಾಗದದ ರಾಶಿ ಬೀಳುತ್ತೆ, ಅದರೊಳಗೆ ನಿಜವಾದ ಕಳ್ಳ ಆರಾಮಾಗಿ ಅಡಗಿರ್ತಾನೆ.

ಹೌಸ್ ತಂದಿದ್ದ ಆ ಮೊದಲ 3.5% ಬಿಲ್ಲಲ್ಲೂ ಇದೇ ತೊಂದರೆ ಇತ್ತು. ಸಿಟಿಜನ್ನಿಗೆ ಟ್ಯಾಕ್ಸ್ ಇಲ್ಲ ಅಂದ್ರೆ ಸಿಟಿಜನ್ ಹೌದೋ ಅಲ್ವೋ ಅಂತ ಯಾರಾದ್ರೂ ನೋಡ್ಬೇಕಲ್ಲ, ಅದಕ್ಕೆ ಕಂಪನಿಗಳು ಸರ್ಕಾರದ ಜೊತೆ ಒಪ್ಪಂದ ಮಾಡ್ಕೊಂಡು ಚೆಕ್ ಮಾಡ್ಬೇಕು ಅಂತ ಇಟ್ಟಿದ್ರು. ಡ್ರೈವಿಂಗ್ ಲೈಸೆನ್ಸ್ ನೋಡಿ ಸಿಟಿಜನ್‌ಶಿಪ್ ಗೊತ್ತಾಗಲ್ಲ, ಹಾಗಾದ್ರೆ ನೂರು ಡಾಲರ್ ಕಳಿಸೋಕೆ ಇಲ್ಲಿ ಹುಟ್ಟಿದೋನೂ ಪಾಸ್‌ಪೋರ್ಟ್ ತರ್ಬೇಕು. ಸೆನೆಟಲ್ಲಿ ಯಾರಿಗೋ ಬುದ್ಧಿ ಬಂದು ಅದನ್ನ ಕಿತ್ತಾಕಿದ್ರು ಅನ್ಸುತ್ತೆ. ಆದ್ರೆ ಕಿತ್ತಾಕಿದ ಮೇಲೆ ಉಳಿದಿದ್ದು ಏನು, ಕ್ಯಾಶ್ ಮೇಲಿನ ಒಂದು ಟ್ಯಾಕ್ಸು, ಹತ್ತು ವರ್ಷಕ್ಕೆ ಹತ್ತಿರಹತ್ತಿರ 10 ಬಿಲಿಯನ್ ಡಾಲರ್ ಬರುತ್ತೆ ಅನ್ನೋ ಅಂದಾಜು. ಮೆಕ್ಸಿಕೋ ಒಂದಕ್ಕೇ 2024ರಲ್ಲಿ ಹೋಗಿದ್ದು 64 ಬಿಲಿಯನ್ನಿಗೂ ಮೇಲೆ, ಅದರಲ್ಲಿ ಬಹುತೇಕ ಎಲ್ಲಾ ಅಮೆರಿಕದಿಂದಲೇ. ಎಲ್ ಸಾಲ್ವಡೋರ್, ಹೊಂಡುರಾಸ್ ಥರದ ದೇಶಗಳಲ್ಲಿ ಇಡೀ ಆದಾಯದ ಕಾಲು ಭಾಗದಷ್ಟು ಹೀಗೆ ಬರೋ ದುಡ್ಡೇ. ಆ ಮನೆಗಳಿಗೆ ದುಡ್ಡು ಹೋಗೋದು ನಿಂತ್ರೆ ಅಲ್ಲಿಂದ ಇನ್ನೊಬ್ಬ ಹುಡುಗ ಗಡಿ ದಾಟೋಕೆ ಹೊರಡ್ತಾನೆ, ಇದು ವಾಷಿಂಗ್ಟನ್ನಲ್ಲಿ ಕೂತೋರಿಗೆ ಯಾಕೆ ಹೊಳೆಯಲ್ವೋ.

ಅಂದಹಾಗೆ, ಹೆದರಿಸಿದ್ರೆ ಕಳಿಸೋದು ಕಮ್ಮಿ ಆಗುತ್ತೆ ಅನ್ನೋದೂ ಅರ್ಧ ಸತ್ಯ ಮಾತ್ರ. 2025ರಲ್ಲಿ ಕಾಗದ ಇಲ್ಲದೋರನ್ನ ಹಿಡಿಯೋ ರೇಡ್‌ಗಳು ಜೋರಾದಾಗ ಮೆಕ್ಸಿಕೋಗೆ ಹೋಗೋದು ಇಳೀತು, ಏಪ್ರಿಲ್ ಒಂದೇ ತಿಂಗಳಲ್ಲಿ ಹಿಂದಿನ ವರ್ಷಕ್ಕಿಂತ 12% ಕಮ್ಮಿ. ಅದೇ ವರ್ಷ ಗ್ವಾಟೆಮಾಲಾ, ಹೊಂಡುರಾಸಿಗೆ ಹೋಗೋದು ಏರಿತು, ನಾಳೆ ಹಿಡ್ಕೊಂಡು ಹೋದ್ರೆ ಅಂತ ಕೂಡಿಟ್ಟಿದ್ದನ್ನೆಲ್ಲ ಊರಿಗೆ ತಳ್ಳಿದ್ರು ಜನ. ಮೆಕ್ಸಿಕೋ ಸರ್ಕಾರ ಇನ್ನೊಂದು ದಾರಿ ಹಿಡೀತು, ಅಧ್ಯಕ್ಷೆ ಶೇನ್‌ಬಾಮ್ ಇದು ಎರಡೆರಡು ಸಲ ಟ್ಯಾಕ್ಸ್ ಹಾಕಿದ ಹಾಗೆ ಅಂತ ಜಗಳಾಡಿದ್ರು, ಜೊತೆಗೇ ತಮ್ಮ ಸರ್ಕಾರಿ ಹಣಕಾಸು ಸಂಸ್ಥೆಯ ಫಿನಾಬಿಯೆನ್ ಕಾರ್ಡನ್ನ ಮುಂದೆ ತಂದ್ರು. ಬೈಯೋದೂ ಬೈದು, ತಮ್ಮ ಜನಕ್ಕೆ ಕ್ಯಾಶ್ ತಪ್ಪಿಸೋ ದಾರಿನೂ ತೋರ್ಸೋದು, ಇದು ಗಟ್ಟಿ ಬುದ್ಧಿ.

ನಮ್ಮೋರು ಎತ್ತೋ ದೊಡ್ಡ ಪ್ರಶ್ನೆ ಒಂದಿದೆ, ಅದನ್ನ ಹಾರಿಸಿ ಹೋಗೋಕಾಗಲ್ಲ. ನಾವು ಲಾಯರ್ ಫೀಸ್ ಕಟ್ಟಿ, ವೀಸಾ ಲಾಟರಿ ಕಾದು, ಗ್ರೀನ್ ಕಾರ್ಡ್ ಕ್ಯೂನಲ್ಲಿ ಅರ್ಧ ಆಯಸ್ಸು ಕಳೀತಿದೀವಿ, ಅವರು ಬೇಲಿ ಹಾರಿ ಬಂದ್ರು, ಟ್ಯಾಕ್ಸ್ ಕಟ್ಟಲ್ಲ, ದುಡಿದಿದ್ದೆಲ್ಲ ಹೊರಗೆ ಕಳಿಸ್ತಾರೆ, ಅವರಿಗ್ಯಾಕೆ ಸಪೋರ್ಟು ಅಂತ. ಕ್ಯೂನ ನೋವು ನಂಗೂ ಗೊತ್ತು, ನಾನೂ ಅದೇ ಕ್ಯೂನಲ್ಲೇ ನಿಂತಿರೋದು. ಆದ್ರೆ ಟ್ಯಾಕ್ಸ್ ಕಟ್ಟಲ್ಲ ಅನ್ನೋದು ಸುಳ್ಳು. ಟ್ಯಾಕ್ಸ್ ವಿಷಯ ಅಧ್ಯಯನ ಮಾಡೋ ಐಟೆಪ್ ಅನ್ನೋ ಸಂಸ್ಥೆ ಲೆಕ್ಕದ ಪ್ರಕಾರ 2022ರಲ್ಲಿ ಕಾಗದ ಇಲ್ಲದ ವಲಸಿಗರು ಕಟ್ಟಿದ ಟ್ಯಾಕ್ಸ್ ಎಲ್ಲಾ ಸೇರಿ 96.7 ಬಿಲಿಯನ್ ಡಾಲರ್, ಅದರಲ್ಲಿ 25.7 ಬಿಲಿಯನ್ ಸೋಶಿಯಲ್ ಸೆಕ್ಯೂರಿಟಿಗೆ, ಅವರಿಗೆ ಯಾವತ್ತೂ ಸಿಗದ ಪಿಂಚಣಿಗೆ. ಸಂಬಳದಲ್ಲೇ ಕಟ್ ಆಗಿ ಹೋಗಿರುತ್ತೆ. ಟ್ಯಾಕ್ಸ್ ಕಟ್ಟಿ ಕೈಗೆ ಬಂದ ದುಡ್ಡಿನ ಮೇಲೆ ಇನ್ನೊಂದು ಟ್ಯಾಕ್ಸು, ನಮ್ಮ ಮೇಲೆ ಬರ್ತಿದೆ ಅಂದಾಗ ನಾವು ಮೇ ತಿಂಗಳಲ್ಲಿ ಬಾಯಿ ಬಡ್ಕೊಂಡಿದ್ದು ಇದೇ ಕಾರಣಕ್ಕಲ್ವಾ.

ಇನ್ನು ಇಲ್ಲೀಗಲ್ಸ್ ಅಂದ್ರೆ ಮೆಕ್ಸಿಕನ್ನರು ಅಂತ ಕೂತಿರೋರು 2025ರ ಫೆಬ್ರವರಿ 5 ನೆನಪು ಮಾಡ್ಕೊಳ್ಳಿ, ಮಿಲಿಟರಿ ವಿಮಾನ ಅಮೃತಸರದಲ್ಲಿ ಇಳಿದಾಗ ಅದರೊಳಗೆ ಇದ್ದಿದ್ದು 104 ಜನ ನಮ್ಮ ದೇಶದೋರೇ. ಪಂಜಾಬ್, ಹರಿಯಾಣ, ಗುಜರಾತಲ್ಲಿ ಜಮೀನು ಮಾರಿ, ಸಾಲ ಮಾಡಿ ಏಜೆಂಟಿಗೆ ಲಕ್ಷಗಟ್ಟಲೆ ಕೊಟ್ಟು ಬಂದೋರು. ಅಂಥೋನು ಇಲ್ಲಿ ಕೆಲಸಕ್ಕೆ ಸೇರಿ ಕಳಿಸೋ ಮೊದಲ ದುಡ್ಡು ಆ ಸಾಲಕ್ಕೆ ಹೋಗುತ್ತೆ. ಭಾರತಕ್ಕೆ 2024-25ರಲ್ಲಿ ಹೊರಗಿನೋರು ಕಳಿಸಿದ್ದು ಸುಮಾರು 135 ಬಿಲಿಯನ್ ಡಾಲರ್, ಪ್ರಪಂಚದಲ್ಲೇ ಜಾಸ್ತಿ, ರಿಸರ್ವ್ ಬ್ಯಾಂಕ್ ಸರ್ವೆ ಪ್ರಕಾರ ಈಗ ಅಮೆರಿಕದ್ದೇ ಕಾಲು ಭಾಗಕ್ಕಿಂತ ಮೇಲೆ, ಯುಎಇ ಎರಡನೇದು, ಬಂದಿದ್ರಲ್ಲಿ ಕರ್ನಾಟಕದ ಪಾಲು 7.7%. ಇದರಲ್ಲಿ ಯಾವ ಡಾಲರಿಗೆ ವೀಸಾ ಇತ್ತು ಯಾವುದಕ್ಕೆ ಇರ್ಲಿಲ್ಲ ಅಂತ ನಾವು ಯಾವತ್ತಾದ್ರೂ ಕೇಳಿದೀವಾ.

ನಮ್ಮ ದೇಶ ದುಡ್ಡು ತಗೊಳ್ಳೋದಷ್ಟೇ ಅಲ್ಲ, ಕಳಿಸುತ್ತೆ ಕೂಡ. ಬೆಂಗಳೂರಲ್ಲಿ ಅಪಾರ್ಟ್‌ಮೆಂಟ್ ಗೇಟಲ್ಲಿ ನಿಂತಿರೋ ನೇಪಾಳದ ವಾಚ್‌ಮನ್ ಮನೆಗೆ ದುಡ್ಡು ಹೇಗೆ ಕಳಿಸ್ತಾನೆ ಅಂತ ಯೋಚಿಸಿದೀರಾ? 1950ರ ಒಪ್ಪಂದದಿಂದ ಅವರಿಗೆ ವೀಸಾ ಬೇಡ, ಅವರು ಅಕ್ರಮದೋರಲ್ಲ, ಆದ್ರೆ ಬ್ಯಾಂಕ್ ಅಕೌಂಟ್ ಇಲ್ಲದೋರು ಬಹಳ. ಅದಕ್ಕೆ ರಿಸರ್ವ್ ಬ್ಯಾಂಕ್ 2008ರಲ್ಲಿ ನೆಫ್ಟ್ ಮೇಲೇ ಒಂದು ಇಂಡೋ-ನೇಪಾಳ ರೆಮಿಟೆನ್ಸ್ ಸ್ಕೀಮ್ ಮಾಡಿತು. ಅಕೌಂಟ್ ಇಲ್ದಿದ್ರೂ ಬ್ಯಾಂಕ್ ಬ್ರಾಂಚಿಗೆ ಹೋಗಿ ಕ್ಯಾಶ್ ಕೊಟ್ಟು 50,000 ರೂಪಾಯಿ ತನಕ, ವರ್ಷಕ್ಕೆ 12 ಸಲ ಕಳಿಸ್ಬಹುದು, ಅಕೌಂಟ್ ಇದ್ರೆ 2021ರಿಂದ ಒಂದು ಸಲಕ್ಕೆ 2 ಲಕ್ಷ ತನಕ. ಎಲ್ಲರಿಗೂ ಗೊತ್ತಿಲ್ಲ, ಎಲ್ಲಾ ಬ್ರಾಂಚಲ್ಲೂ ನಗುಮುಖದಿಂದ ಮಾಡ್ಕೊಡ್ತಾರೆ ಅಂತಾನೂ ಹೇಳಲ್ಲ, ಹಳೇ ಹುಂಡಿ ಇನ್ನೂ ಇದೆ. ಆದ್ರೂ ರೂಲ್ ಬರೆದ ರೀತಿ ನೋಡಿ, ಕ್ಯಾಶ್ ತಂದೋನಿಗೆ ಬಾಗಿಲು ತೆಗ್ದು, ಮಿತಿ ಹಾಕಿ, ಲೆಕ್ಕ ಬರ್ಕೊಂಡ್ರು. ಟ್ಯಾಕ್ಸ್ ಹಾಕಿ ಓಡಿಸ್ಲಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಅಮೆರಿಕದ ಕಾಂಗ್ರೆಸ್ಸಿಗಿಂತ ಬುದ್ಧಿವಂತಿಕೆ ತೋರ್ಸಿದೆ ಅಂತ ಹೇಳೋಕೆ ನಂಗೆ ಸಂಕೋಚ ಇಲ್ಲ.

ನನ್ನ ಕೇಳಿದ್ರೆ, ಅಕ್ರಮ ವಲಸೆ ತಡೀಬೇಕು ಅಂತ ನಿಜವಾಗ್ಲೂ ಮನಸ್ಸಿದ್ರೆ ದುಡ್ಡು ಒಳಗೆ ಬರೋ ಕಡೆ ನೋಡಿ, ಅಂದ್ರೆ ಕೆಲಸ ಕೊಡೋನ ಕಡೆ. ಕ್ಯಾಶಲ್ಲಿ ಕೂಲಿ ಕೊಡೋ ಕಾಂಟ್ರಾಕ್ಟರ್, ಹೋಟ್ಲು, ತೋಟ, ಮಾಂಸದ ಫ್ಯಾಕ್ಟರಿ, ಅಲ್ಲಿ ಡಬ್ಲ್ಯುಪಿಎಸ್ ಥರ ಸಂಬಳ ದಾಖಲೆ ಕಡ್ಡಾಯ ಮಾಡಿ, ಯಾರು ಎಷ್ಟು ಜನರನ್ನ ಇಟ್ಕೊಂಡಿದಾರೆ ತಾನೇ ಹೊರಗೆ ಬರುತ್ತೆ. ಅದು ಆಗಲ್ಲ, ಯಾಕಂದ್ರೆ ಆ ಓನರ್‌ಗಳಿಗೆ ವೋಟಿದೆ, ಲಾಬಿ ಇದೆ, ಕೌಂಟರ್ ಮುಂದೆ ನಿಂತೋನಿಗೆ ಎರಡೂ ಇಲ್ಲ. ದುಡ್ಡು ಹೊರಗೆ ಹೋಗೋ ಕಡೆಗೆ ಬಂದ್ರೆ, ಅಗ್ಗವಾಗಿರ್ಲಿ, ದಾಖಲೆ ಇರ್ಲಿ, ಕಂಪನಿ ಮೋಸ ಮಾಡದ ಹಾಗೆ ನೋಡ್ಕೊಳ್ಳಿ, ಅಷ್ಟು ಸಾಕು. ಈಗ್ಲೇ ಪ್ರಪಂಚದಲ್ಲಿ 200 ಡಾಲರ್ ಕಳಿಸೋಕೆ ಸರಾಸರಿ 6%ಗೂ ಮೇಲೆ ಖರ್ಚಾಗುತ್ತೆ, 2030ರೊಳಗೆ ಅದನ್ನ 3%ಗಿಂತ ಕೆಳಗೆ ತರ್ತೀವಿ ಅಂತ ವಿಶ್ವಸಂಸ್ಥೆಯಲ್ಲಿ ಎಲ್ಲಾ ದೇಶಗಳೂ ಸೇರಿ ಗುರಿ ಹಾಕ್ಕೊಂಡಿದ್ವು, ಅಮೆರಿಕನೂ ಆಗ ತಲೆ ಆಡಿಸಿತ್ತು.

ನಮ್ಮ ಮಟ್ಟದಲ್ಲಿ ಇದು ಯಾರಿಗೂ ತಾಗಲ್ಲ ಅಂತ ಕೂತಿರೋರಿಗೆ ಒಂದು ಮಾತು. ಎಂಎಸ್ ಮಾಡೋಕೆ ಬಂದ ಹುಡುಗ ಹುಡುಗೀರಲ್ಲಿ, ನಮ್ಮ ಹಾಸನ, ದಾವಣಗೆರೆ, ಬಳ್ಳಾರಿ ಕಡೆಯೋರೂ ಸೇರಿ, ಕ್ಯಾಂಪಸ್ ಹೊರಗೆ ಗ್ಯಾಸ್ ಸ್ಟೇಷನ್, ಇಂಡಿಯನ್ ರೆಸ್ಟೋರೆಂಟಲ್ಲಿ ಕ್ಯಾಶಿಗೆ ದುಡಿಯೋರು ಎಷ್ಟು ಜನ ಇದಾರೆ ಅಂತ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡಲ್ಲ. ಎಫ್-1 ಸ್ಟೂಡೆಂಟ್ ವೀಸಾದಲ್ಲಿ ಅದು ನಿಷಿದ್ಧ, ಸಿಕ್ಕಿಬಿದ್ರೆ ಸ್ಟೇಟಸ್ ಹೋಯ್ತು, ಆ ಕ್ಷಣಕ್ಕೆ ಅವನೂ ಕಾಗದ ಇಲ್ಲದೋನೇ. ಗಂಟೆಗೆ ಎಂಟೋ ಒಂಬತ್ತೋ ಡಾಲರ್, ಓನರ್ ಹೇಳಿದಷ್ಟು. ಊರಲ್ಲಿ ಅಪ್ಪ ಮನೆ ಅಡ ಇಟ್ಟು ತೆಗೆದ ಎಜುಕೇಶನ್ ಲೋನಿನ ಇಎಂಐ ಪ್ರತೀ ತಿಂಗಳು ಕಾಯ್ತಿರುತ್ತೆ. ಕೈಯಲ್ಲಿರೋ ನೋಟನ್ನ ಬ್ಯಾಂಕಿಗೆ ಹಾಕೋಕೂ ಹೆದರಿಕೆ, ಎಲ್ಲಿಂದ ಬಂತು ಅಂತ ಯಾರಾದ್ರೂ ಕೇಳಿದ್ರೆ ಅಂತ. ಹಾಗಾಗಿ ಅವನು ಒಂದೋ ಅದೇ ಮೆಕ್ಸಿಕನ್ ಅಂಗಡಿ ಸಾಲಲ್ಲಿ ನಿಂತು 1% ಕೊಡ್ತಾನೆ, ಇಲ್ಲಾ ರೂಪಾಯಿ ಬೇಡದ, ಡಾಲರ್ ಕ್ಯಾಶ್ ಬೇಕಾದ ಯಾರೋ ಅಂಕಲ್‌ಗೆ ನೋಟು ಕೊಡ್ತಾನೆ, ಆ ಅಂಕಲ್ ಕಡೆಯೋರು ಊರಲ್ಲಿ ಅಪ್ಪನ ಅಕೌಂಟಿಗೆ ರೂಪಾಯಿ ಹಾಕ್ತಾರೆ. ಡೇರಾದ ಹುಂಡಿ ಈಗ ಡಲಾಸ್ ಪಕ್ಕದ ಇರ್ವಿಂಗ್‌ನಲ್ಲೂ ಶುರುವಾಗಿದೆ, ಅಷ್ಟೇ ವ್ಯತ್ಯಾಸ, ಇಲ್ಲಿ ಯಾರೂ ಅದಕ್ಕೆ ಹುಂಡಿ ಅಂತ ಕರೆಯಲ್ಲ, ಹೆಲ್ಪ್ ಮಾಡಿದ್ರು ಅಂತಾರೆ.